ಹಂಚಿನ ಅಡಿಯಲ್ಲಿ ಉಳಿದ ಯುದ್ಧ

ನಮ್ಮ ಒಂಬತ್ತನೆಯ ತರಗತಿಯ ಆ ವರ್ಷದ ಯೋಜನೆ ‘ಮೊದಲ ಮಹಾಯುದ್ಧ ಮತ್ತು ನಮ್ಮ ಊರು’. ವಿಷಯ ಕೇಳಿದ ಕೂಡಲೇ ಎಲ್ಲರೂ ಸೈನಿಕರನ್ನು ಹುಡುಕಲು ಹೊರಟೆವು. ಆದರೆ ಮಂಗಳೂರಿಗೆ ಆ ಯುದ್ಧ ತಟ್ಟಿದ್ದು ಬೇರೆ ಬಾಗಿಲಿನಿಂದ. ಕಾರ್ಖಾನೆಯ ಗೇಟಿಗೆ, ಶಾಲೆಯ ಆಡಳಿತಕ್ಕೆ, ಕೂಲಿಕಾರರ ಮನೆಗೆ ಅದು ಬಂದಿತ್ತು. ಅದರ ಗುರುತು ಈಗಲೂ ಬರಿಗಣ್ಣಿಗೆ ಕಾಣುವುದು ಹಂಚಿನ ಅಡಿಯಲ್ಲಿ. ಸಮಾಜದ ಟೀಚರ್ ನಮ್ಮನ್ನು ಗ್ರಂಥಾಲಯಕ್ಕೆ ಕಳಿಸುವ ಮೊದಲು ಅಟ್ಟ ಹತ್ತಿಸಿದ್ದು ಅದಕ್ಕೇ. ಈಗಿನ ಮಕ್ಕಳೂ ಈ ಕೆಲಸ ಕೈಗೆತ್ತಿಕೊಳ್ಳಲಿ ಎಂಬ ಆಸೆಯಿಂದ, ನೆನಪಿನಲ್ಲಿ ಉಳಿದ ವಿಧಾನವನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಇಷ್ಟು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮುದ್ರಣ, ನೇಯ್ಗೆ ನಡೆಸಿದರು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ಕುದ್ರೋಳಿ, ಮಲ್ಪೆಗಳಲ್ಲೂ ಕಾರ್ಖಾನೆಗಳಾದವು. ಮಿಶನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಇಲ್ಲಿ ದುಡಿದವರಲ್ಲಿ ಬಹಳ ಮಂದಿ ಜರ್ಮನರು. 1914ರ ಆಗಸ್ಟಿನಲ್ಲಿ ಬ್ರಿಟನ್ ಯುದ್ಧಕ್ಕಿಳಿದದ್ದೇ ತಡ, ಅವರು ಶತ್ರುದೇಶದ ಪ್ರಜೆಗಳಾದರು. ಸೆಪ್ಟೆಂಬರ್ 22ರಂದು ಜರ್ಮನಿಯ ಎಮ್ಡನ್ ಹಡಗು ಮದರಾಸಿನ ಎಣ್ಣೆ ಟ್ಯಾಂಕುಗಳ ಮೇಲೆ ಗುಂಡು ಹಾರಿಸಿತು. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು. ಭಾರತದಲ್ಲಿದ್ದ ಜರ್ಮನರಿಗೆ ಅಹಮದ್‌ನಗರದ ಬಂಧನ ಶಿಬಿರ ಕಾದಿತ್ತು. 1915–16ರಲ್ಲಿ ಗೋಲ್ಕೊಂಡಾ ಎಂಬ ಹಡಗು ಜರ್ಮನ್ ಮಿಶನರಿ ಕುಟುಂಬಗಳನ್ನು ಯುರೋಪಿಗೆ ಸಾಗಿಸಿತು. ಮಿಶನ್ನಿನ ಕಾರ್ಖಾನೆಗಳು ಕಡೆಗೆ 1919ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಮಣ್ಣು ಅದೇ, ದುಡಿಯುವ ಕೈಯೂ ಇಲ್ಲಿಯದೇ. ಧಣಿ ಮಾತ್ರ ಬದಲು. ಹಾಗಾಗಿ ಹಂಚಿನ ಮೇಲಿನ ಹೆಸರೂ ಬದಲಾಯಿತು.

ಕಾರ್ಖಾನೆಯ ಹೆಸರಿನ ಅಚ್ಚು ಇರುವುದು ಹಂಚಿನ ಅಡಿಮೈಯಲ್ಲಿ, ಅಂದರೆ ಮನೆಯೊಳಗೆ ನಿಂತು ತಲೆಯೆತ್ತಿದರೆ ಕಾಣುವ ಕಡೆ. ಮೇಲಿನ ಮೈಯನ್ನು ಮಳೆ, ಪಾಚಿ ತಿಂದಿದ್ದರೂ ಒಳಗಿನ ಅಕ್ಷರ ಹೊಸದರಂತೆ ಉಳಿದಿರುತ್ತದೆ. ಯಾರೂ ಮಾಡಿನ ಮೇಲೆ ಹತ್ತಕೂಡದು. ಹಂಚಿಗೆ ಆಧಾರ ಇರುವುದು ರೀಪಿನ ಮೇಲೆ ಮಾತ್ರ, ನಡುವೆ ಕಾಲಿಟ್ಟರೆ ಮುರಿಯುತ್ತದೆ. ಅಟ್ಟದಿಂದಲೇ ನೋಡಬೇಕು. ಟಾರ್ಚನ್ನು ನೇರ ಹಿಡಿದರೆ ಅಕ್ಷರ ಮಣ್ಣಿನ ಬಣ್ಣದಲ್ಲೇ ಮುಳುಗಿಹೋಗುತ್ತದೆ. ಹಂಚಿಗೆ ಒತ್ತಿದಂತೆ ಬದಿಯಿಂದ ಬೆಳಕು ಹಾಯಿಸಿದರೆ ಪ್ರತಿ ಅಕ್ಷರಕ್ಕೂ ನೆರಳು ಬಿದ್ದು ಓದಲು ಬರುತ್ತದೆ. ಮೊಬೈಲಿನ ಫ್ಲ್ಯಾಶ್ ಆರಿಸಿ, ಒಬ್ಬರು ಬದಿಯಿಂದ ಟಾರ್ಚ್ ಹಿಡಿದು, ಇನ್ನೊಬ್ಬರು ಫೋಟೋ ತೆಗೆಯಬೇಕು.

ಕೆಳಗೆ ಇಳಿಸಿಟ್ಟ ಹಂಚು ಸಿಕ್ಕಿದರೆ ಕಾಗದದ ಮೇಲೆ ಅಚ್ಚು ತೆಗೆಯುವುದೇ ಒಳ್ಳೆಯದು. ಹಂಚಿನ ಉದ್ದ ಸುಮಾರು 41 ಸೆಂಟಿಮೀಟರ್, ಅಗಲ 23–24. ಎ4 ಹಾಳೆ ಸಾಲದು. ಎ3 ಹಾಳೆ 42ಕ್ಕೆ 29.7 ಇರುವುದರಿಂದ ಇಡೀ ಹಂಚು ಒಂದರಲ್ಲೇ ಹಿಡಿಯುತ್ತದೆ. ಹಾಳೆ ತೆಳ್ಳಗಿರಲಿ, ಡ್ರಾಯಿಂಗ್ ಹಾಳೆ ಬೇಡ. ಧೂಳನ್ನು ನಾರಿನ ಒಣ ಬ್ರಷ್‌ನಿಂದ ತೆಗೆಯಿರಿ. ತಂತಿ ಬ್ರಷ್ ಅಕ್ಷರದ ಅಂಚನ್ನೇ ಕೆರೆದುಬಿಡುತ್ತದೆ. ತೊಳೆದರೆ ಹಂಚು ನೀರು ಕುಡಿದು ಹಾಳೆಯನ್ನು ಒದ್ದೆ ಮಾಡುತ್ತದೆ. ಹಾಳೆಯ ನಾಲ್ಕೂ ಬದಿಗೆ ಟೇಪು ಹಚ್ಚಿ, ಕಪ್ಪು ಮೇಣದ ಬಳಪವನ್ನು ಅಡ್ಡ ಮಲಗಿಸಿ, ನಡುವಿನಿಂದ ಹೊರಕ್ಕೆ ಒಂದೇ ದಿಕ್ಕಿನಲ್ಲಿ ಉಜ್ಜಬೇಕು. ಹಿಂದೆ ಮುಂದೆ ಉಜ್ಜಿದರೆ ಹಾಳೆ ಸರಿದು ಅಕ್ಷರ ಎರಡೆರಡಾಗಿ ಮೂಡುತ್ತದೆ. ಹಾಳೆ ಬಿಡಿಸುವ ಮೊದಲೇ ಮೂಲೆಯಲ್ಲಿ ಮನೆಯ ಕ್ರಮಾಂಕ, ಕೋಣೆ, ಅಂಚಿನಿಂದ ಎಷ್ಟನೆಯ ಸಾಲು, ದಿನಾಂಕ ಬರೆಯಿರಿ. ಆಮೇಲೆ ಬರೆಯೋಣವೆಂದು ಬಿಟ್ಟ ಹಾಳೆಗಳೆಲ್ಲ ಒಂದೇ ತರಹ ಕಾಣುತ್ತವೆ, ಯಾವುದು ಯಾವ ಮನೆಯದೆಂದು ಯಾರಿಗೂ ಹೇಳಲಾಗುವುದಿಲ್ಲ.

ಎಲ್ಲರೂ ಎಡವುವುದು 1865 ಎಂಬ ಅಂಕಿಯಲ್ಲಿ. ಬಾಸೆಲ್ ಮಿಶನ್ ಹಂಚಿನ ಮೇಲೆ ಅದನ್ನು ಕಂಡೊಡನೆ ‘ಈ ಮನೆ 1865ರದ್ದು’ ಎಂದು ಬರೆದುಬಿಡುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಹಂಚಿನಿಂದ ಖಚಿತವಾಗಿ ಹೇಳಬಹುದಾದದ್ದು ಒಂದೇ: ಕಾಮನ್‌ವೆಲ್ತ್ ಹೆಸರಿನ ಹಂಚು 1919ಕ್ಕಿಂತ ಮೊದಲು ಆ ಮಾಡಿಗೆ ಏರಿರಲು ಸಾಧ್ಯವಿಲ್ಲ. ಇದನ್ನು ತಿರುಗಿಸಿ ಹೇಳಲಾಗದು. ಮಿಶನ್ನಿನ ಹಂಚು ಹಳೆಯ ಮನೆಯಿಂದ ಇಳಿದು ಹೊಸ ಮನೆಗೆ ಹೋಗಿರಬಹುದು. ನಮ್ಮಲ್ಲಿ ಗಟ್ಟಿ ಹಂಚನ್ನು ಯಾರೂ ಎಸೆಯುವುದಿಲ್ಲ. ಅಂಚಿನ ಸಾಲುಗಳು ತೆಂಗಿನ ಮಡಲು, ಕಾಯಿ ಬಿದ್ದು ಬೇಗ ಒಡೆದು ಬದಲಾಗುತ್ತವೆ, ಆದ್ದರಿಂದ ಲೆಕ್ಕಕ್ಕೆ ಮಾಡಿನ ನಡುಭಾಗವೇ ಬೇಕು. ಐದು ಸಾಲಿಗೊಂದು ಸಾಲು, ಅದರಲ್ಲಿ ಹತ್ತು ಹಂಚಿಗೊಂದು ಹಂಚು ಎಂದು ಮೊದಲೇ ಗೊತ್ತುಮಾಡಿಕೊಂಡರೆ, ಚಂದದ ಅಚ್ಚನ್ನೇ ಆರಿಸುವ ಆಸೆ ತಪ್ಪುತ್ತದೆ. ಆಲ್ಬುಕರ್ಕ್ ಮೊದಲಾದ ಇಲ್ಲಿಯವರದೇ ಕಾರ್ಖಾನೆಗಳ ಹಂಚನ್ನೂ ಬಿಡದೆ ಬರೆಯಬೇಕು. ಆ ಧಣಿಗಳು ಶತ್ರುದೇಶದವರಲ್ಲ, ಆದ್ದರಿಂದ ಮಿಶನ್ನಿಗೆ ಆದದ್ದನ್ನು ಹೋಲಿಸಿ ನೋಡಲು ಅವರ ಹಂಚು ಬೇಕೇ ಬೇಕು.

ಹಂಚು ಧಣಿಯ ಕಥೆ ಹೇಳುತ್ತದೆ, ಕೂಲಿಯವರದ್ದಲ್ಲ. ಅವರನ್ನು ಹುಡುಕಲು ಹಳೆಯ ಶಾಲೆಗಳ ದಾಖಲಾತಿ ರಿಜಿಸ್ಟರ್ ಬೇಕು. 1912–13, 1915–16, 1920–21, ಈ ಮೂರು ವರ್ಷದ ಪುಟಗಳಲ್ಲಿ ತಂದೆಯ ಉದ್ಯೋಗದ ಕಾಲಂ ಮತ್ತು ಶಾಲೆ ಬಿಟ್ಟ ತಾರೀಕು ನೋಡಿದರೆ ಸಾಕು. ಹಂಚಿನ ಕಾರ್ಖಾನೆ, ನೇಯ್ಗೆ, ಅಚ್ಚುಕೂಟ ಎಂದು ಬರೆದಿದ್ದರೆ ಎಣಿಸಬಹುದು. ಬರೀ ‘ಕೂಲಿ’ ಎಂದಿದ್ದರೆ ಬೇರೆ ಸಾಲಿನಲ್ಲಿ ಹಾಕಬೇಕು, ಊಹಿಸಿ ಸೇರಿಸಬಾರದು. ಹೆಸರು, ಜಾತಿ ನಕಲು ಮಾಡಬೇಡಿ, ಪುಟದ ಫೋಟೋ ತೆಗೆಯಬೇಡಿ. ಆ ಮನೆಗಳ ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ.

ಕಂದಾಯದ ಕಾಗದ ಕೈಗೆ ಬಂದರೆ ವರ್ಷ ಫಸಲಿಯಲ್ಲಿ, ಅಂದರೆ ಜುಲೈಯಿಂದ ಶುರುವಾಗುವ ಕಂದಾಯ ವರ್ಷದ ಲೆಕ್ಕದಲ್ಲಿ ಇರುತ್ತದೆ. ಅದಕ್ಕೆ 590 ಕೂಡಿಸಿ: ಫಸಲಿ 1324 ಅಂದರೆ 1914ರ ಜುಲೈಯಿಂದ 1915ರ ಜೂನ್. ಮನೆಯ ಹಳೆಯ ಲೆಕ್ಕಪುಸ್ತಕದಲ್ಲಿ ಸಂವತ್ಸರದ ಹೆಸರಿರುತ್ತದೆ. ಯುದ್ಧ ಶುರುವಾದದ್ದು ಆನಂದ ಸಂವತ್ಸರದಲ್ಲಿ, ಆಮೇಲೆ ರಾಕ್ಷಸ, ನಳ, ಪಿಂಗಳ, ಮುಗಿದದ್ದು ಕಾಳಯುಕ್ತಿಯಲ್ಲಿ. ಈ ಐದು ಹೆಸರು ಬಾಯಿಗೆ ಬಂದಿದ್ದರೆ ಲೆಕ್ಕಪುಸ್ತಕ ತಾನಾಗಿ ತೆರೆದುಕೊಳ್ಳುತ್ತದೆ.

ಹಿರಿಯರನ್ನು ಮಾತಾಡಿಸುವಾಗ ಎರಡು ಯುದ್ಧಗಳು ಕಲಸಿಹೋಗುತ್ತವೆ. ‘ಅಜ್ಜಿ, ಆಗ ರೇಷನ್ ಇತ್ತಾ?’ ಎಂದು ಮೆಲ್ಲನೆ ಕೇಳಿ. ಇತ್ತು ಎಂದರೆ ಅವರು ಹೇಳುತ್ತಿರುವುದು ಎರಡನೆಯ ಯುದ್ಧ; 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಯ ಅಕ್ಕಿ ನಿಂತಮೇಲಿನ ಕಾಲ ಅದು. ಆ ಮಾತೂ ಬೆಲೆಯುಳ್ಳದ್ದೇ, ಬರೆದುಕೊಳ್ಳಿ, ಆದರೆ ಬೇರೆ ಪುಟದಲ್ಲಿ. ಮೊದಲ ಯುದ್ಧವನ್ನು ಕಂಡವರು ಈಗ ಯಾರೂ ಉಳಿದಿಲ್ಲ. ಆದ್ದರಿಂದ ಪ್ರತಿ ಮಾತಿನ ಎದುರು ‘ಯಾರು ಹೇಳಿದ್ದನ್ನು ಕೇಳಿದ್ದು’ ಎಂಬ ಕಾಲಂ ಇರಲೇಬೇಕು.

1918ರ ಸಾವಿನ ದಾಖಲೆಯಲ್ಲಿ ಹೆಸರುಗಳು ಒಮ್ಮೆಲೇ ಹೆಚ್ಚಿದ್ದು ಕಂಡರೆ ಯುದ್ಧವೆಂದು ತಿಳಿಯಬೇಡಿ. ಅದು ಇನ್‌ಫ್ಲುಯೆಂಜಾ ವರ್ಷ, ಕಾರಣದ ಕಾಲಂನಲ್ಲಿ ‘ಜ್ವರ’ ಎಂದಷ್ಟೇ ಇರಬಹುದು. ಸೈನಿಕರ ಹಡಗುಗಳ ಜತೆಗೇ ಅದು ಹರಡಿತು ಎಂಬುದು ನಿಜ, ಆದರೆ ಎರಡನ್ನೂ ಒಂದೇ ಕೋಷ್ಟಕದಲ್ಲಿ ಹಾಕಿದರೆ ಎರಡರ ಅಳತೆಯೂ ಕೆಡುತ್ತದೆ.

ಕಾಗದ ಹುಡುಕಲು ಬೆಂಗಳೂರಿಗೆ ಹೋಗುವ ಮೊದಲು ಯೋಚಿಸಿ. ಆಗಿನ ಸರಕಾರಿ ಕಡತಗಳು ಮದರಾಸಿನವು, ಚೆನ್ನೈಯ ಎಗ್ಮೋರಿನ ತಮಿಳುನಾಡು ಪತ್ರಾಗಾರದ್ದೇ ದಾರಿ. ಮಿಶನ್ನಿನ ಕಾಗದಗಳು ನಮ್ಮ ಬಲ್ಮಠದಲ್ಲೇ, ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರದಲ್ಲಿವೆ. ಮುಖ್ಯೋಪಾಧ್ಯಾಯರ ಪತ್ರ, ಪೆನ್ಸಿಲ್, ಶುಭ್ರ ಕೈ ಬೇಕು, ಪೆನ್ನು ಬೇಡ. ಬಾಸೆಲಿನ ಪತ್ರಾಗಾರದ ಹಳೆಯ ಫೋಟೋಗಳನ್ನು ಇಂಟರ್‌ನೆಟ್ಟಿನಲ್ಲೇ ನೋಡಬಹುದು. ಜರ್ಮನ್ ಕೈಬರಹ ಹಳೆಯ ಲಿಪಿಯದ್ದು, ಜರ್ಮನ್ ಕಲಿತವರಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಅದರ ಹಿಂದೆ ಬಿದ್ದು ಇಡೀ ಅವಧಿ ಕಳೆಯಬೇಡಿ.

ಉಜ್ಜಿದ ಹಾಳೆಗಳನ್ನು ಸುರುಳಿ ಸುತ್ತಬಾರದು, ಮೇಣ ಅಂಟುತ್ತದೆ. ನಡುವೆ ಬೆಣ್ಣೆಕಾಗದ ಇಟ್ಟು ಚಪ್ಪಟೆಯಾಗಿ ಕಡತದಲ್ಲಿಡಿ. ಕೆಲಸ ಎಪ್ರಿಲ್ ರಜೆಯಲ್ಲೇ ಆಗಲಿ: ಮಳೆಗಾಲಕ್ಕೆ ಮೊದಲು ಮಾಡು ಸರಿಮಾಡಿಸುವವರು ಹಂಚು ಇಳಿಸಿ ಅಂಗಳದಲ್ಲಿ ಪೇರಿಸಿಡುತ್ತಾರೆ. ಅಚ್ಚು ಕೈಗೆಟಕುವುದು ಆ ಕೆಲವು ದಿನ ಮಾತ್ರ. ತಾರಸಿ ಹಾಕಲೆಂದು ಹಳೆಯ ಮನೆ ಕೆಡವುವ ಸುದ್ದಿ ಕಿವಿಗೆ ಬಿದ್ದರೆ ರಜೆಗೂ ಕಾಯದೆ, ಅದೇ ಸಂಜೆ ಹೋಗಿ ಕೇಳಿ.