ಬಂದಿದ್ದನೇ, ಬಂದಿದ್ದರೇ: ಸಂತ ತೋಮಸರ ಬಗ್ಗೆ ನನ್ನ ಕೊನೆಯ ಉತ್ತರ

ಕೆಲವರು ‘ತೋಮಸ್ ಭಾರತಕ್ಕೆ ಬಂದಿದ್ದನೇ?’ ಎಂದು ಕೇಳುತ್ತಾರೆ, ಕೆಲವರು ‘ಬಂದಿದ್ದರಲ್ಲವೇ?’ ಎನ್ನುತ್ತಾರೆ. ಇಷ್ಟು ವರ್ಷ ಇತಿಹಾಸದ ಮೇಷ್ಟ್ರಾಗಿದ್ದುದರಿಂದ, ಕ್ರಿಯಾಪದ ಕಿವಿಗೆ ಬಿದ್ದ ಕೂಡಲೇ ಯಾರಿಗೆ ಯಾವ ಉತ್ತರ ಬೇಕೆಂಬುದು ನನಗೆ ತಿಳಿದುಬಿಡುತ್ತದೆ. ಏಕವಚನದವರಿಗೆ ಇದೆಲ್ಲ ಪೋರ್ಚುಗೀಸರು ಕಟ್ಟಿದ ಕಥೆಯೆಂದು ನಾನು ಹೇಳಬೇಕು. ಬಹುವಚನದವರಿಗಾದರೆ, ಯೇಸುವಿನ ಈ ಶಿಷ್ಯರು ಕ್ರಿ.ಶ. 52ರಲ್ಲಿ ಕೇರಳದ ಕೊಡುಂಗಲ್ಲೂರಿನಲ್ಲಿ ಬಂದಿಳಿದು, 72ರಲ್ಲಿ ಇಂದಿನ ಚೆನ್ನೈನ ಮೈಲಾಪುರದಲ್ಲಿ ಈಟಿಯ ತಿವಿತಕ್ಕೆ ಬಲಿಯಾದರೆಂಬ ಪರಂಪರೆಗೆ ರುಜು ಹಾಕಬೇಕು. ನಾನೂ ಬಹುವಚನವನ್ನೇ ಬಳಸುತ್ತೇನೆ. ಅದು ಮರ್ಯಾದೆ, ಪುರಾವೆಯಲ್ಲ.

ಒಮ್ಮೆ ಚೆನ್ನೈನ ಸೇಂಟ್ ಥಾಮಸ್ ಮೌಂಟ್‌ನ ಚರ್ಚಿನ ಮುಂದೆ ಪ್ರವಾಸದ ಗುಂಪಿನ ಹಿರಿಯರೊಬ್ಬರು, ‘ಮೇಷ್ಟ್ರೇ, ಹೌದೋ ಅಲ್ಲವೋ ಅಷ್ಟು ಹೇಳಿಬಿಡಿ, ಬಸ್ಸು ಹೊರಡುತ್ತದೆ’ ಎಂದರು. ನಾನು ಮೂರನೆಯ ಶತಮಾನವನ್ನು ತಲುಪುವಷ್ಟರಲ್ಲಿ ಅವರು ಬಸ್ಸಿನ ಮೆಟ್ಟಿಲು ತಲುಪಿದ್ದರು.

ಅರ್ಧಕ್ಕೆ ನಿಂತ ಆ ಉತ್ತರ ಇದು: ಬಂದಿರಬಹುದು, ಬಂದರೆಂದು ತೋರಿಸಲಾಗದು. ಅವರ ಭಾರತಯಾತ್ರೆಯ ವಿಸ್ತಾರವಾದ ಕಥೆ ಮೊದಲು ಸಿಗುವುದು ಮೂರನೆಯ ಶತಮಾನದ ‘ತೋಮಸರ ಕೃತ್ಯಗಳು’ ಎಂಬ ಸಿರಿಯಾಕ್ ಭಾಷೆಯ ಗ್ರಂಥದಲ್ಲಿ. ಅಲ್ಲಿ ಗುಂದಫರ್ ಎಂಬ ರಾಜ ಅರಮನೆ ಕಟ್ಟಲೆಂದು ಕೊಟ್ಟ ಹಣವನ್ನು ತೋಮಸರು ಬಡವರಿಗೆ ಹಂಚಿ, ಅರಮನೆ ಸ್ವರ್ಗದಲ್ಲಿ ಎದ್ದಿದೆ ಎನ್ನುತ್ತಾರೆ. (ನಮ್ಮ ಗುತ್ತಿಗೆದಾರರ ಕಣ್ಣಿಗೆ ಈ ಗ್ರಂಥ ಬೀಳದಿರಲಿ.) ಈ ರಾಜನೇ ಕಟ್ಟುಕಥೆಯೆಂದು ತಿಳಿದಿದ್ದವರಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಅವನ ನಾಣ್ಯಗಳು ಸಿಕ್ಕವು, ನಾಣ್ಯಗಳ ಮೇಲೆ ಗೊಂಡೊಫರೀಸ್ ಎನಿಸಿಕೊಂಡ ಈ ಗುಂದಫರ್ ಒಂದನೆಯ ಶತಮಾನದಲ್ಲಿ ಆಳಿದ್ದು ನಿಜ. ಆದರೆ ಅವನು ಆಳಿದ್ದು ಗಾಂಧಾರವನ್ನು, ಕೇರಳವನ್ನಲ್ಲ. ಮೆಣಸಿಗಾಗಿ ರೋಮನ್ ಹಡಗುಗಳು ಕೇರಳದ ಪ್ರಾಚೀನ ಬಂದರು ಮುಜಿರಿಸ್‌ಗೆ ಬರುತ್ತಿದ್ದುದೂ ನಿಜವೇ, ಆದರೆ ಹಡಗು ಬಂತೆಂದ ಮಾತ್ರಕ್ಕೆ ಅದರಲ್ಲಿದ್ದವರ ಹೆಸರು ಗೊತ್ತಾಗುವುದಿಲ್ಲ. ಇನ್ನು ಪೋರ್ಚುಗೀಸರೇ ಕಥೆ ಕಟ್ಟಿದರೆನ್ನುವವರು, ತೋಮಸರ ಅಸ್ಥಿಗಳು ಭಾರತದಿಂದ ಇಂದಿನ ಟರ್ಕಿಯಲ್ಲಿರುವ ಎಡೆಸ್ಸಾಕ್ಕೆ ಬಂದವೆಂದು ನಾಲ್ಕನೆಯ ಶತಮಾನದಲ್ಲೇ ಸಿರಿಯಾಕ್ ಕವಿ ಎಫ್ರೇಮ್ ಹಾಡಿದ್ದನ್ನೂ, ವಾಸ್ಕೋ ಡ ಗಾಮನಿಗಿಂತ ಇನ್ನೂರು ವರ್ಷ ಮೊದಲೇ ಮಾರ್ಕೊ ಪೋಲೊ ಚೆನ್ನೈ ಕಡೆಯ ಕರಾವಳಿಯಲ್ಲಿನ ತೋಮಸರ ಸಮಾಧಿಯ ಬಗ್ಗೆ ಹೇಳಿದ್ದನ್ನೂ ಎಲ್ಲಿ ಬಚ್ಚಿಡುತ್ತಾರೋ ಕಾಣೆ.

ಅಂದು ಆ ಹಿರಿಯರ ಬೆನ್ನ ಹಿಂದೆಯೇ, ಚರ್ಚಿನೊಳಗೆ, ಇದಕ್ಕಿಂತ ಒಳ್ಳೆಯ ಪ್ರಶ್ನೆಯೊಂದು ಗೋಡೆಯಲ್ಲಿತ್ತು. 1547ರಲ್ಲಿ ಪೋರ್ಚುಗೀಸರು ಆ ಬೆಟ್ಟದಲ್ಲಿ ಅಗೆಯುವಾಗ ಸುತ್ತಲೂ ಅಪರಿಚಿತ ಅಕ್ಷರಗಳಿದ್ದ ಕಲ್ಲಿನ ಶಿಲುಬೆಯೊಂದು ಸಿಕ್ಕಿತು. ಮುಂದೆ ಓದಲು ಕರೆಸಿದ ಪಂಡಿತನೊಬ್ಬ ಅಷ್ಟು ಪುಟ್ಟ ಬರಹದಿಂದ ತೋಮಸರ ಆಗಮನವನ್ನೆಲ್ಲ ವಿಸ್ತಾರವಾಗಿ ಓದಿ ಒಪ್ಪಿಸಿದ. ಕೇಳಿದವರಿಗೆ ಬೇಕಾಗಿದ್ದುದೂ ಅದೇ. ಅದು ಪರ್ಷಿಯಾದ ಪಹ್ಲವಿ ಲಿಪಿಯೆಂದು ಬ್ರಿಟಿಷ್ ವಿದ್ವಾಂಸ ಎ. ಸಿ. ಬರ್ನೆಲ್ ವಿವರಿಸಿದ ಪುಸ್ತಿಕೆ 1873ರಲ್ಲಿ ಅಚ್ಚಾಯಿತು, ಅದೂ ನಮ್ಮ ಮಂಗಳೂರಿನಲ್ಲಿ. ಬರಹದಲ್ಲಿ ತೋಮಸರ ಹೆಸರೇ ಇಲ್ಲ. ಲಿಪಿ ಅವರ ಕಾಲಕ್ಕಿಂತ ಹಲವು ಶತಮಾನ ಈಚಿನದು. ವಿದ್ವಾಂಸರು ಈಗ ಅದನ್ನು ಯಾರೋ ಒಬ್ಬನಿಗೆ ಕ್ರಿಸ್ತನ ಕರುಣೆ ಬೇಡುವ ಚಿಕ್ಕ ಪ್ರಾರ್ಥನೆಯೆಂದು ಓದುತ್ತಾರೆ.

ಇಂಥ ಶಿಲುಬೆಗಳು ಕೇರಳದಲ್ಲೂ ಇವೆ. ಕೊಲ್ಲಂನ ಚರ್ಚಿಗೆ 849ರಲ್ಲಿ ಕೊಟ್ಟ ತಾಮ್ರಶಾಸನದಲ್ಲಿ ಸಾಕ್ಷಿಗಳು ಅರಬ್ಬಿ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿ ರುಜು ಹಾಕಿದ್ದಾರೆ. ಅಷ್ಟು ದೂರದಿಂದ ಬಂದು, ಊರಿನವರಿಗೆ ಓದಲು ಬಾರದ ಅಕ್ಷರಗಳಲ್ಲಿ ತಮ್ಮವನಿಗಾಗಿ ಕರುಣೆ ಬೇಡಿದ ಆ ಜನ ಯಾರು, ಇಲ್ಲಿ ಯಾರೊಡನೆ ವ್ಯಾಪಾರ ಮಾಡಿದರು, ಯಾರ ಮನೆಗೆ ಹೆಣ್ಣು ಕೊಟ್ಟರು? ಇದನ್ನು ಈವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ. ಆ ಪಂಡಿತನನ್ನು ಮಾತ್ರ ನಾನು ಬೈಯಲಾರೆ; ಅವನನ್ನು ಕೇಳಿದವರಿಗೂ ಹಡಗು ಹೊರಡುವ ಹೊತ್ತಾಗಿತ್ತೋ ಏನೋ.