ಕರೆಂಟು ಹೋದಾಗ ಕಾರ್ಟ್ ಖಾಲಿ

ಸೋಮವಾರಪೇಟೆಯ ಚಿಕ್ಕಮ್ಮ ಮನೆಯಿಂದಲೇ ಕಾಫಿಪುಡಿ, ಕರಿಮೆಣಸು, ಕಾಚಂಪುಳಿ (ಕೊಡಗಿನ ಅಡುಗೆಗೆ ಹಾಕುವ ಗಟ್ಟಿ ಹುಳಿರಸ) ಮಾರುತ್ತಾರೆ. ವೆಬ್‌ಸೈಟ್ ಮಾಡಿಕೊಡುತ್ತೇನೆ ಎಂದು ನಾನೇ ಬಾಯಿಬಿಟ್ಟಿದ್ದೆ. ಅದು ಜುಲೈ ತಿಂಗಳು. ಆಗ ಕೊಡಗಿನ ಮಳೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ತೋರಿಸಲು ಹೋದ ದಿನವೇ ಎಡವಟ್ಟಾಯಿತು. ಚಿಕ್ಕಮ್ಮ ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಸಾಮಾನು ಕಾರ್ಟಿಗೆ, ಅಂದರೆ ವೆಬ್‌ಸೈಟಿನ ಖರೀದಿ ಬುಟ್ಟಿಗೆ, ಹಾಕುತ್ತಿದ್ದರು. ಆರನೆಯದಕ್ಕೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಬಂದಿದ್ದು ಒಂದೂವರೆ ಗಂಟೆ ಬಿಟ್ಟು. ತೆರೆದು ನೋಡಿದರೆ ಕಾರ್ಟ್ ಖಾಲಿ.

"ನಮ್ಮ ಪೇಟೆ ಅಂಗಡಿಯವನು ಇಷ್ಟು ಬೇಗ ಮರೆಯೋದಿಲ್ಲ ಮಾರಾಯ" ಎಂದರು.

ತಪ್ಪು ನನ್ನದೇ. ವೆಬ್‌ಸೈಟ್ ಬರೆದದ್ದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಕಾರ್ಟನ್ನು ಅದರ ಸೆಷನ್‌ನಲ್ಲಿ, ಅಂದರೆ ಗಿರಾಕಿಯ ಒಂದು ಭೇಟಿಯ ತಾತ್ಕಾಲಿಕ ನೆನಪಿನಲ್ಲಿ, ಇಟ್ಟಿದ್ದೆ. ಸಾಮಾನಿನ ಪಟ್ಟಿ ವೆಬ್‌ಸೈಟ್ ಓಡುವ ಸರ್ವರ್‌ನಲ್ಲಿ, ಅದರ ಗುರುತು ಮಾತ್ರ ಬ್ರೌಸರ್ ಇಟ್ಟುಕೊಳ್ಳುವ ಕುಕೀ ಎಂಬ ಪುಟ್ಟ ಟಿಪ್ಪಣಿಯಲ್ಲಿ. ನಾವು ಏನೂ ಬದಲಿಸದಿದ್ದರೆ ಬ್ರೌಸರ್ ಮುಚ್ಚಿದಾಗ ಸಾಮಾನ್ಯವಾಗಿ ಆ ಕುಕೀ ಹೋಗುತ್ತದೆ. ಸರ್ವರ್ ಕಡೆಯಲ್ಲೂ 1440 ಸೆಕೆಂಡು, ಅಂದರೆ 24 ನಿಮಿಷ ಮುಟ್ಟದೆ ಬಿಟ್ಟರೆ ಆ ಪಟ್ಟಿ ಕಸದ ಲೆಕ್ಕ. ಯಾವಾಗ ಬೇಕಾದರೂ ಗುಡಿಸಿ ಹಾಕಬಹುದು. ತಮಾಷೆ ನೋಡಿ, 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮೊಂಟುಲ್ಲಿ ಕುಕೀ ಕಂಡುಹಿಡಿದದ್ದೇ ಇಂಥ ಕಾರ್ಟಿನ ತಲೆನೋವಿಗೆ.

ರಾತ್ರಿ ಕೂತು ಕಾರ್ಟನ್ನು ಬ್ರೌಸರಿನ ಲೋಕಲ್ ಸ್ಟೋರೇಜ್‌ಗೆ, ಅಂದರೆ ಗಿರಾಕಿಯ ಕಂಪ್ಯೂಟರಿನಲ್ಲೇ ಬ್ರೌಸರ್ ಇಟ್ಟುಕೊಳ್ಳುವ ಜಾಗಕ್ಕೆ, ಸರಿಸಿದೆ. ಒಂದು ಕುಕೀಯಲ್ಲಿ ಸುಮಾರು 4 ಕೆಬಿ ಹಿಡಿದರೆ ಇಲ್ಲಿ 5 ಎಂಬಿ ತನಕ ಜಾಗ. ಕಂಪ್ಯೂಟರ್ ಆಫ್ ಆದರೂ ಉಳಿಯುತ್ತದೆ. ಬೆಳಿಗ್ಗೆ ಹೆಮ್ಮೆಯಿಂದ ತೋರಿಸಿದೆ. ಚಿಕ್ಕಮ್ಮ ಮೆಣಸಿನ ರೇಟು ಏರಿಸಿದರು. ಕಾರ್ಟಿನಲ್ಲಿ ಮಾತ್ರ ನಿನ್ನೆಯ ರೇಟೇ! ರೇಟನ್ನೂ ಅಲ್ಲೇ ಬರೆದಿಟ್ಟಿದ್ದೆ. ಹಳೇ ರೇಟು ಹಾಗಿರಲಿ, ಸ್ವಲ್ಪ ತಿಳಿದವರು ಅದನ್ನು ಒಂದು ರೂಪಾಯಿ ಅಂತ ತಿದ್ದಿಯೂ ಕಳಿಸಬಹುದಿತ್ತು. ಗಿರಾಕಿ ತರುವ ಚೀಟಿಯಲ್ಲಿ ಯಾವ ಸಾಮಾನು, ಎಷ್ಟು ಅಂತ ಇದ್ದರೆ ಸಾಕು. ರೇಟು ಹೇಳುವುದು ಅಂಗಡಿಯವರ ಕೆಲಸ.

ಕೊನೆಗೆ ಸರ್ವರ್‌ನ ಡೇಟಾಬೇಸಿಗೇ ಬಂದೆ. ಅಲ್ಲಿ ಸಾಮಾನಿನ ನಂಬರು ಮತ್ತು ಎಷ್ಟು ಬೇಕು ಅನ್ನೋದು, ಅಷ್ಟೇ. ಕುಕೀಯಲ್ಲಿ ಯಾರೂ ಊಹಿಸಲಾಗದ ಒಂದು ಟೋಕನ್, ಅಂದರೆ ಗುರುತಿನ ಅಕ್ಷರಸಾಲು, 30 ದಿನ ಬಾಳುವಂಥದ್ದು. ಲಾಗಿನ್ ಆದರೆ ಫೋನಿನ ಕಾರ್ಟೂ ಕಂಪ್ಯೂಟರಿನ ಕಾರ್ಟೂ ಒಂದಾಗುತ್ತವೆ.

ಅಲ್ಲೇ ಸಿಕ್ಕಿಬಿದ್ದೆ. ಫೋನಿನಲ್ಲಿ 2 ಬಾಟಲಿ ಕಾಚಂಪುಳಿ ಹಾಕಿದ್ದ ಚಿಕ್ಕಮ್ಮ, ಕಂಪ್ಯೂಟರಿನಲ್ಲೂ ಅದೇ 2 ಹಾಕಿ ಲಾಗಿನ್ ಆದರು. ನನ್ನ ಕೋಡ್ ಸುಮ್ನೆ ಕೂಡಿಸಿ 4 ಮಾಡಿತು.

"ಪಂದಿಕರಿಗೆ ಒಂದೆರಡು ಚಮಚ ಸಾಕು. ನಾಲ್ಕು ಬಾಟಲಿ ಯಾರಿಗೋ?"

ಎರಡರಲ್ಲಿ ಜಾಸ್ತಿ ಇರುವುದನ್ನಷ್ಟೇ ಇಟ್ಟುಕೊಳ್ಳಲಾ ಅಂದೆ.

"ಒಂದೇ ಮನೆಯಿಂದ ಇಬ್ಬರು ಬಂದು ಅದನ್ನೇ ಕೇಳಿದರೆ, ಎರಡೂ ಬೇಕಾ ಅಂತ ನಾನು ಕೇಳ್ತೀನಿ. ನಿನ್ನ ವೆಬ್‌ಸೈಟಿಗೆ ಬಾಯಿಲ್ವಾ?"

ಲಾಗಿನ್ ಆದ ತಕ್ಷಣ ಆ ಪ್ರಶ್ನೆ ಬರುವಂತೆ ಬರೆಯಲು ಕೂತೆ. ಕರೆಂಟು ಮತ್ತೆ ಹೋಗಿತ್ತು. ಲ್ಯಾಪ್‌ಟಾಪಿನಲ್ಲಿ 11 ಪರ್ಸೆಂಟ್ ಚಾರ್ಜ್ ಉಳಿದಿತ್ತು.