‘ಓಟಿಟಿಗೆ ಬಂದ ಮೇಲೆ ನೋಡಿದ್ರೆ ಸಾಲ್ದಾ?’

ಹೊಸ ಸಿನಿಮಾದ ಮಾತೆತ್ತಿದರೆ ಈಗ ಎಲ್ಲರದೂ ಇದೊಂದೇ ಪ್ರಶ್ನೆ. ಕಥೆ ಹೇಗಿದೆ, ಯಾರು ಚೆನ್ನಾಗಿ ಮಾಡಿದ್ದಾರೆ ಎಂದು ಕೇಳುವವರು ಕಡಿಮೆ. ‘ಥಿಯೇಟರ್‌ಗೇ ಹೋಗ್ಬೇಕಾ, ಓಟಿಟಿಗೆ ಬಂದ ಮೇಲೆ ನೋಡಿದ್ರೆ ಸಾಲ್ದಾ?’ ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಸಿಟ್ಟು ತರಿಸುವುದು ಆ ‘ಸಾಲ್ದಾ’ ಎಂಬ ಪದ. ಕೇಳುವವರು ಉತ್ತರವನ್ನು ಮೊದಲೇ ಕಟ್ಟಿಕೊಂಡು ಬಂದಿರುತ್ತಾರೆ: ಹೊಡೆದಾಟ, ಗ್ರಾಫಿಕ್ಸ್, ದೊಡ್ಡ ಸೆಟ್ ಇದ್ದರೆ ಥಿಯೇಟರು, ನಾಲ್ಕು ಜನ ಕೂತು ಮಾತಾಡುವ ಸಿನಿಮಾ ಆದರೆ ಮನೆ. ಹೌದು ಎಂದು ತಲೆಯಾಡಿಸುವುದಷ್ಟೇ ನನ್ನ ಕೆಲಸ. ಈ ಲೆಕ್ಕವೇ ತಪ್ಪು. ಥಿಯೇಟರ್ ಬೇಕೋ ಬೇಡವೋ ಎಂಬುದನ್ನು ಹೇಳುವುದು ಸಿನಿಮಾದ ಬಜೆಟ್ ಅಲ್ಲ. ಅದರ ಸದ್ದು ಹೇಗಿದೆ, ಕತ್ತಲು ಎಷ್ಟಿದೆ, ಜೊತೆಗೆ ಜನ ಬೇಕೇ ಎಂಬುದು.

ಸದ್ದಿನಿಂದಲೇ ಶುರು ಮಾಡೋಣ. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ತೆರೆಕಂಡಿತು. ಅದರ ಕೊನೆಯ ಭಾಗವನ್ನು ಎಲ್ಲರೂ ರಿಷಬ್ ಶೆಟ್ಟಿಯ ಅಭಿನಯ ಎಂದು ನೆನಪಿಟ್ಟುಕೊಂಡಿದ್ದಾರೆ. ಆ ಅಭಿನಯದ ಅರ್ಧ ಇರುವುದು ಕಿವಿಯಲ್ಲಿ. ಥಿಯೇಟರ್‌ನ 5.1 ಧ್ವನಿಯಲ್ಲಿ ಮಾತು ಪರದೆಯ ಹಿಂದಿನ ನಡು ಸ್ಪೀಕರ್‌ನಿಂದ ಬರುತ್ತದೆ, ಸಂಗೀತ ಹೆಚ್ಚಾಗಿ ಎಡಬಲದಿಂದ, ಕಾಡು ಮಳೆಗಳ ಸದ್ದು ಪಕ್ಕದ ಗೋಡೆಗಳಿಂದ, ನೆಲ ನಡುಗಿಸುವುದು ಸಬ್‌ವೂಫರ್‌ನಿಂದ. ಸಿನಿಮಾದ ಸದ್ದುಗಳನ್ನೆಲ್ಲ ಬೆರೆಸುವ ಮಿಕ್ಸಿಂಗ್ ಕೋಣೆಯಲ್ಲಿ ಪರದೆಯ ಹಿಂದಿನ ಪ್ರತಿ ಸ್ಪೀಕರ್ ಅನ್ನು 85 ಡೆಸಿಬಲ್‌ಗೆ ಹೊಂದಿಸಿ ಕೂರುತ್ತಾರೆ. ಪಿಸುಮಾತು ಎಷ್ಟು ಸಣ್ಣದಿರಬೇಕು, ಕೂಗು ಎಷ್ಟು ಎತ್ತರಕ್ಕೆ ಏರಬೇಕು ಎಂಬುದನ್ನು ಆ ಅಳತೆಯಲ್ಲಿ ತೀರ್ಮಾನಿಸುತ್ತಾರೆ. ದೈವ ಮೈಮೇಲೆ ಬಂದಾಗಿನ ಆ ಕೂಗು ನಡುಗಿಸುವುದು ಅದರ ಸುತ್ತ ಮೌನ ಇದ್ದದ್ದರಿಂದ. ಮನೆಯಲ್ಲಿ ಏನಾಗುತ್ತದೆ? ಮೆಲುಮಾತು ಕೇಳಿಸಲಿಲ್ಲವೆಂದು ವಾಲ್ಯೂಮ್ 40ಕ್ಕೆ ಏರಿಸುತ್ತೀರಿ. ಕೂಗು ಬಂದ ಕೂಡಲೇ ಪಕ್ಕದ ಮನೆಯವರು ನೆನಪಾಗಿ 15ಕ್ಕೆ ಇಳಿಸುತ್ತೀರಿ. ಮೌನಕ್ಕೂ ಕೂಗಿಗೂ ನಡುವೆ ಇದ್ದ ಅಂತರ ನಿಮ್ಮ ಕೈಯಲ್ಲೇ ಸತ್ತುಹೋಯಿತು. ಆಮೇಲೆ ‘ಜನ ಹೇಳಿದಷ್ಟೇನೂ ಇಲ್ಲಪ್ಪ’ ಅನ್ನುತ್ತೀರಿ.

ಅದೇ ಸಿನಿಮಾದ ಇನ್ನೊಂದು ಸಂಗತಿ ಕಾದು ನೋಡಿದವರಿಗೆ ಗೊತ್ತಿರಲಿ. ಕ್ಲೈಮ್ಯಾಕ್ಸ್‌ನಲ್ಲಿ ಬರುವ ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಗಿತ್ತು. ತಡೆ ಇದ್ದದ್ದರಿಂದ ನವೆಂಬರ್ 24ರಂದು ಅಮೆಜಾನ್ ಪ್ರೈಮ್‌ಗೆ ಬಂದ ಪ್ರತಿಯಲ್ಲಿ ಆ ಹಾಡಿಗೆ ಬೇರೆಯೇ ರಾಗಸಂಯೋಜನೆ ಇತ್ತು. ಮೂಲ ಹಾಡು ವಾಪಸ್ ಬಂದದ್ದು ಆಮೇಲೆ. 55 ದಿನ ಕಾದು ಮೊದಲ ದಿನವೇ ಮನೆಯಲ್ಲಿ ನೋಡಿದವರಿಗೆ ಸಿಕ್ಕಿದ್ದು ಬೇರೆ ಕ್ಲೈಮ್ಯಾಕ್ಸ್. ಓಟಿಟಿಗೆ ಬರುವುದು ಅದೇ ಸಿನಿಮಾ ಎಂದು ಖಾತ್ರಿಯಾಗಿ ಹೇಳುವವರು ಇದನ್ನು ನೆನಪಿಡಬೇಕು.

ಇನ್ನು ‘ಸಣ್ಣ ಸಿನಿಮಾ, ಮನೇಲಿ ನೋಡಿದ್ರೆ ನಡೆಯುತ್ತೆ’ ಅನ್ನುವ ಮಾತು. 2025ರ ಜುಲೈ 25ಕ್ಕೆ ಬಂದ ‘ಸು ಫ್ರಮ್ ಸೋ’ ತೆಗೆದುಕೊಳ್ಳಿ. ಕರಾವಳಿಯ ಒಂದು ಹಳ್ಳಿ, ಹುಡುಗನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನ ಬಂದಿದ್ದಾಳೆ ಎಂಬ ಪುಕಾರು, ಊರೆಲ್ಲ ಅಲ್ಲೋಲ ಕಲ್ಲೋಲ. ಸ್ಟಾರ್ ಇಲ್ಲ, ಸೆಟ್ ಇಲ್ಲ. ನನ್ನ ಪ್ರಕಾರ ‘ಕೆಜಿಎಫ್ 2’ಕ್ಕಿಂತ ಈ ಸಿನಿಮಾಕ್ಕೆ ಥಿಯೇಟರ್ ಹೆಚ್ಚು ಬೇಕು. ನಿರ್ದೇಶಕ ಜೆ.ಪಿ. ತೂಮಿನಾಡು ಇಲ್ಲಿ ನಗುವನ್ನು ಒಬ್ಬ ನಟನ ಡೈಲಾಗ್ ಮೇಲೆ ನಿಲ್ಲಿಸಿಲ್ಲ, ಗುಂಪಿನ ಮೇಲೆ ನಿಲ್ಲಿಸಿದ್ದಾರೆ. ಒಬ್ಬ ಏನೋ ಅಂದ, ಪಕ್ಕದವನ ಮುಖ ಬದಲಾಯಿತು, ಹಿಂದೆ ನಿಂತವನು ಮೆಲ್ಲಗೆ ಜಾಗ ಖಾಲಿ ಮಾಡಿದ. ಮುನ್ನೂರು ಜನ ಕೂತ ಹಾಲ್‌ನಲ್ಲಿ ಯಾರೋ ಆ ಮೂರನೆಯವನನ್ನು ಮೊದಲು ನೋಡಿ ನಗುತ್ತಾರೆ, ಆಗ ನಿಮ್ಮ ಕಣ್ಣೂ ಅಲ್ಲಿಗೆ ಹೋಗುತ್ತದೆ. ಮನೆಯಲ್ಲಿ ಆ ಹಿಂದಿನವನು ನಿಮಗೆ ಕಾಣಿಸುವುದೇ ಇಲ್ಲ. ನಗುವಿಗೆಂದು ಬಿಟ್ಟ ಎರಡು ಸೆಕೆಂಡಿನ ಜಾಗ ಮನೆಯಲ್ಲಿ ಬರೀ ಎಳೆತ ಅನ್ನಿಸುತ್ತದೆ.

ಇನ್ನೂ ಮುಖ್ಯವಾದದ್ದು ದ್ವಿತೀಯಾರ್ಧ. ಕಥೆ ಒಬ್ಬ ಹೆಣ್ಣಿನ ಕಷ್ಟದ ಕಡೆ ತಿರುಗುತ್ತದೆ. ಅಷ್ಟು ಹೊತ್ತು ನಕ್ಕು ನಕ್ಕು ಸುಸ್ತಾದ ಹಾಲ್ ತಣ್ಣಗಾಗುತ್ತದೆ. ಹೆಣ್ಣಿನ ದೆವ್ವ ಎಂದರೆ ನಗುವ ಊರು, ಬದುಕಿರುವ ಹೆಣ್ಣಿನ ನೋವಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆ ನಮ್ಮೆಲ್ಲರ ಮುಂದೆ ನಿಲ್ಲುತ್ತದೆ. ಆ ತಿರುವು ಸ್ವಲ್ಪ ಅವಸರದ್ದು, ಇನ್ನೂ ಹತ್ತು ನಿಮಿಷ ಕೊಡಬೇಕಿತ್ತು ಎಂಬ ತಕರಾರು ನನಗಿದೆ. ಹಾಗಿದ್ದರೂ ಅದು ನಾಟುವುದು ಜೊತೆಗೆ ನಕ್ಕವರು ಜೊತೆಗೆ ಸುಮ್ಮನಾದಾಗ. ಒಬ್ಬರೇ ಕೂತು ನೋಡಿದವರು ‘ಫಸ್ಟ್ ಹಾಫ್ ಕಾಮಿಡಿ, ಸೆಕೆಂಡ್ ಹಾಫ್ ಸೆಂಟಿಮೆಂಟ್’ ಎಂದು ಎರಡು ತುಂಡು ಮಾಡಿ ಎತ್ತಿಟ್ಟುಬಿಡುತ್ತಾರೆ.

ಕತ್ತಲಿನ ಮಾತು ಚಿಕ್ಕದಾಗಿ. ‘ಸಪ್ತ ಸಾಗರದಾಚೆ ಎಲ್ಲೋ’ 2023ರ ಸೆಪ್ಟೆಂಬರ್ ಮತ್ತು ನವೆಂಬರ್‌ನಲ್ಲಿ ಎರಡು ಭಾಗವಾಗಿ ಬಂತು. ನಿರ್ದೇಶಕ ಹೇಮಂತ್ ರಾವ್ ಮತ್ತು ಛಾಯಾಗ್ರಾಹಕ ಅದ್ವೈತ ಗುರುಮೂರ್ತಿ ಮೊದಲ ಭಾಗವನ್ನು ನೀಲಿಯಲ್ಲಿ ಅದ್ದಿದರು, ಎರಡನೆಯದನ್ನು ಕೆಂಪಿನಲ್ಲಿ. ಟಿವಿಯನ್ನು ‘ವಿವಿಡ್’ ಮೋಡ್‌ನಲ್ಲಿಟ್ಟು ಟ್ಯೂಬ್‌ಲೈಟ್ ಹಾಕಿಕೊಂಡು ನೋಡಿದರೆ ನೀಲಿ ಬಟ್ಟೆಸೋಪಿನ ಬಣ್ಣವಾಗುತ್ತದೆ, ಕೆಂಪು ಕುಂಕುಮದ ಅಂಗಡಿಯಾಗುತ್ತದೆ, ರಾತ್ರಿಯ ದೃಶ್ಯದಲ್ಲಿ ನಾಯಕ ಮನು ಕಾಣುವ ಬದಲು ನಿಮ್ಮದೇ ಸೋಫಾ ಕಾಣುತ್ತದೆ. ಆಮೇಲೆ ಸಿನಿಮಾ ನಿಧಾನ ಅನ್ನುವುದು. ಅದು ನಿಧಾನವೇ, ಎರಡನೇ ಭಾಗ ನನಗೂ ದೀರ್ಘವಾಯಿತು. ಆ ನಿಧಾನಗತಿಯಲ್ಲಿ ನಿಮ್ಮ ಕಣ್ಣಿಗೆ ಕೆಲಸ ಕೊಡುವುದು ಬಣ್ಣ ಮತ್ತು ನೆರಳು. ಅವನ್ನು ಕಿತ್ತುಕೊಂಡರೆ ಉಳಿಯುವುದು ಕಾಯುವಿಕೆ ಮಾತ್ರ.

ಹಾಗಾದರೆ ಮನೆಯಲ್ಲಿ ನೋಡಬಾರದೇ? ಧಾರಾಳವಾಗಿ ನೋಡಿ. ಮನೆಗೆಂದೇ ಮಾಡಿದ ಕೆಲಸಗಳಿವೆ. 2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಬ್ರಿಟನ್ನಿನ ‘ಅಡೋಲಸೆನ್ಸ್’ ಸರಣಿಗೆ ನಾಲ್ಕೇ ಕಂತು, ಪ್ರತಿ ಕಂತೂ ಒಂದೇ ಟೇಕ್, ಅಂದರೆ ಎಲ್ಲೂ ಕತ್ತರಿಸದೆ ಒಂದೇ ಉಸಿರಿಗೆ ತೆಗೆದದ್ದು. ಕ್ಯಾಮೆರಾ ಎಲ್ಲೂ ನಿಲ್ಲುವುದಿಲ್ಲ. ಎರಡನೇ ಕಂತಿನ ಕೊನೆಯಲ್ಲಿ ಅದನ್ನು ಡ್ರೋನ್‌ಗೆ ಸಿಕ್ಕಿಸಿ ಊರ ಮೇಲೆ ಹಾರಿಸಿ ಕೊಲೆ ನಡೆದ ಜಾಗದಲ್ಲಿ ಇಳಿಸುತ್ತಾರೆ. ಮೂರನೇ ಕಂತಿನ ಬಹುಭಾಗ ಒಂದು ಕೋಣೆ, ಕೊಲೆಯ ಆರೋಪ ಹೊತ್ತ ಒಬ್ಬ ಹುಡುಗ, ಒಬ್ಬ ಮನಃಶಾಸ್ತ್ರಜ್ಞೆ. ಇದಕ್ಕೆ ದೊಡ್ಡ ಪರದೆ ಬೇಕಿಲ್ಲ. ಬೇಕಾದದ್ದು ಸುಮಾರು ಒಂದು ಗಂಟೆ ಎದ್ದೇಳದೆ ಕೂರುವುದು. ಮಧ್ಯೆ ನಿಲ್ಲಿಸಿ ಫೋನ್ ತೆಗೆದರೆ, ಅವರು ಹಾಕದೇ ಬಿಟ್ಟ ‘ಕಟ್’ ಅನ್ನು ನೀವು ಹಾಕಿದಂತೆ. ಉಸಿರು ಕಟ್ಟಿಸುವುದೇ ಅದರ ಉದ್ದೇಶ, ಆ ಉಸಿರನ್ನು ನೀವೇ ಬಿಟ್ಟುಕೊಂಡಿರಿ.

ಆದ್ದರಿಂದ ಜನ ನಿಜವಾಗಿ ಕೇಳಬೇಕಾದ ಒಂದು ಪ್ರಶ್ನೆ, ಮನೆಯಲ್ಲಿ ಹೇಗೆ ನೋಡುವುದು ಅನ್ನುವುದು. ಅದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ.

ಮೊದಲು ಟಿವಿಯ ಪಿಕ್ಚರ್ ಮೋಡ್ ಬದಲಿಸಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದು, ಇಲ್ಲದಿದ್ದರೆ ‘ಸಿನಿಮಾ’ ಅಥವಾ ‘ಮೂವಿ’. ಆಮೇಲೆ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಆಫ್ ಮಾಡಿ. ಎಲ್‌ಜಿಯಲ್ಲಿ ಅದರ ಹೆಸರು ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’, ಸ್ಯಾಮ್‌ಸಂಗ್‌ನಲ್ಲಿ ‘ಆಟೋ ಮೋಷನ್ ಪ್ಲಸ್’ ಅಥವಾ ‘ಪಿಕ್ಚರ್ ಕ್ಲ್ಯಾರಿಟಿ’. ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರ. ಟಿವಿ ತಾನೇ ನಡುವಿನ ಚಿತ್ರಗಳನ್ನು ಹುಟ್ಟಿಸಿ ತುಂಬಿದಾಗ ಎಲ್ಲವೂ ಸಂಜೆಯ ಧಾರಾವಾಹಿಯಂತೆ ಜಾರುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಹಾಕಿದ ಬೆಳಕೆಲ್ಲ ವಿಡಿಯೋ ಶೂಟಿಂಗ್‌ನಂತೆ ಕಾಣುವುದು ಇದರಿಂದ.

ಮೇಲೆ ಕೆಳಗೆ ಕಪ್ಪು ಪಟ್ಟಿ ಬಂತೆಂದು ಜೂಮ್ ಒತ್ತಬೇಡಿ. ಸಿನಿಮಾಸ್ಕೋಪ್ ಚಿತ್ರದ ಅಗಲ ಎತ್ತರದ 2.39 ಪಟ್ಟು, ನಿಮ್ಮ ಟಿವಿಯದು 1.78 ಪಟ್ಟು. ಪರದೆ ತುಂಬಿಸಲು ಹೋದರೆ ಚಿತ್ರದ ಅಗಲದ ಕಾಲುಭಾಗ ಹೊರಗೆ ಹೋಗುತ್ತದೆ. ‘ಸು ಫ್ರಮ್ ಸೋ’ದ ಅಂಚಿನಲ್ಲಿ ನಿಂತ ಆ ಮೂರನೆಯವನು ಮೊದಲು ಮಾಯವಾಗುತ್ತಾನೆ.

ಮಾತು ಕೇಳಿಸುವುದಿಲ್ಲ ಎಂಬ ದೂರು ಎಲ್ಲ ಮನೆಗಳದ್ದು. ಬರೀ ಟಿವಿಯ ಸ್ಪೀಕರ್ ಇದ್ದು ಆ್ಯಪ್‌ನಲ್ಲಿ 5.1 ಟ್ರ್ಯಾಕ್ ಆರಿಸಿಕೊಂಡಿದ್ದರೆ, ನಡು ಸ್ಪೀಕರ್‌ನ ಮಾತು ಎಡಬಲದ ಸಂಗೀತದೊಳಗೆ ಬೆರೆತು ಮುಳುಗುತ್ತದೆ. ಸ್ಟೀರಿಯೋ ಟ್ರ್ಯಾಕ್ ಇದ್ದರೆ ಅದನ್ನು ಆರಿಸಿ, ಟಿವಿಯಲ್ಲಿ ‘ಕ್ಲಿಯರ್ ವಾಯ್ಸ್’ ಥರದ ಆಯ್ಕೆ ಇದ್ದರೆ ಹಾಕಿ. ಹಣ ಖರ್ಚು ಮಾಡುವುದಾದರೆ ದೊಡ್ಡ ಟಿವಿಗಿಂತ ಮೊದಲು ನಡು ಚಾನೆಲ್ ಇರುವ, ಅಂದರೆ 3.1 ಎಂದು ಬರೆದಿರುವ ಸೌಂಡ್‌ಬಾರ್ ತನ್ನಿ. ಸಬ್‌ಟೈಟಲ್ ಹಾಕಿಕೊಳ್ಳಲು ಸಂಕೋಚ ಬೇಡ. ಕುಂದಾಪುರದ ಕನ್ನಡ ಮೈಸೂರಿನವರಿಗೆ ಒಂದೇ ಏಟಿಗೆ ದಕ್ಕದಿದ್ದರೆ ಅದು ಅವಮಾನವಲ್ಲ.

ಭಾಷೆಯ ಟ್ರ್ಯಾಕ್ ನೋಡಿಕೊಳ್ಳಿ. ಪ್ರೈಮ್‌ನಲ್ಲಿ ಒಂದೇ ಸಿನಿಮಾ ಭಾಷೆಗೊಂದರಂತೆ ಬೇರೆ ಬೇರೆ ಪುಟವಾಗಿ ಕೂತಿರುವುದುಂಟು, ಹುಡುಕಿದಾಗ ಹಿಂದಿಯದು ಮೊದಲು ಬಂದರೂ ಬರಬಹುದು. ಕನ್ನಡ ಸಿನಿಮಾವನ್ನು ಹಿಂದಿ ಡಬ್ಬಿಂಗ್‌ನಲ್ಲಿ ಅರ್ಧ ನೋಡಿ ‘ನಟನೆ ಕೃತಕ’ ಅಂದವರಿದ್ದಾರೆ. ತುಟಿಗೂ ಮಾತಿಗೂ ಹೊಂದದಿದ್ದರೆ ಕೃತಕವಲ್ಲದೆ ಇನ್ನೇನು ಅನ್ನಿಸೀತು?

ಇಂಟರ್ನೆಟ್ ವಿಷಯ: ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ ಫುಲ್ ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್ (ಎಂಬಿಪಿಎಸ್), 4ಕೆಗೆ 15 ಬೇಕು. ಅದರ ಅಗ್ಗದ ಮೊಬೈಲ್ ಪ್ಲಾನ್‌ನಲ್ಲಿ ಸಿಗುವುದು 480ಪಿ, ಅಂದರೆ ಎಚ್‌ಡಿಗಿಂತ ಕೆಳಗಿನ ಸ್ಪಷ್ಟತೆ. ಥಿಯೇಟರ್‌ನ ಡಿಜಿಟಲ್ ಪ್ರತಿ ಸೆಕೆಂಡಿಗೆ 250 ಮೆಗಾಬಿಟ್‌ವರೆಗೆ ಹೋಗಬಹುದು. ಹೊಗೆ, ಮಳೆ, ಮಂಜು, ದೊಂದಿಯ ಬೆಳಕು, ಇವೆಲ್ಲ ಮನೆಯಲ್ಲಿ ಚೌಕ ಚೌಕವಾಗಿ ಒಡೆಯುವುದು ಈ ವ್ಯತ್ಯಾಸದಿಂದ. 55 ಇಂಚಿನ ಟಿವಿಯಾದರೆ ಏಳು ಅಡಿ ದೂರ ಸಾಕು. ಹನ್ನೆರಡು ಅಡಿ ಆಚೆ ಊಟದ ಮೇಜಿನಿಂದ ನೋಡುವುದು ಟಿವಿ ನೋಡುವುದಾಯಿತೇ ಹೊರತು ಸಿನಿಮಾ ನೋಡಿದಂತಾಗಲಿಲ್ಲ.

ಥಿಯೇಟರ್ ಎಂದರೆ ಎಲ್ಲ ಸರಿಯಾಗಿರುತ್ತದೆ ಎಂದೂ ನಾನು ಹೇಳುತ್ತಿಲ್ಲ. 2ಡಿ ಚಿತ್ರದ ಬೆಳಕಿಗೆ ಪರದೆಯ ಮೇಲೆ 48 ನಿಟ್ಸ್ ಎಂಬ ಅಳತೆ ಇದೆ. ಹಳೆಯ ಲ್ಯಾಂಪ್, ಅಥವಾ 3ಡಿ ಫಿಲ್ಟರ್ ತೆಗೆಯದೆ ಹಾಕಿದ 2ಡಿ ಶೋ ಆದರೆ ಇಡೀ ಸಿನಿಮಾ ಮುಸುಕು ಮುಸುಕು. ಸುತ್ತಲಿನ ಸ್ಪೀಕರ್‌ಗಳು ಸತ್ತಿರುತ್ತವೆ. ಮೊದಲ ಹತ್ತು ನಿಮಿಷದಲ್ಲೇ ಎದ್ದು ಹೋಗಿ ಥಿಯೇಟರ್ ಸಿಬ್ಬಂದಿಗೆ ಹೇಳಿ, ಇಂಟರ್ವಲ್ ಆದ ಮೇಲೆ ಯಾರೂ ಕಿವಿಗೊಡುವುದಿಲ್ಲ. ಸೀಟು ಹಿಂದಿನಿಂದ ಮೂರನೇ ಒಂದು ಭಾಗದಲ್ಲಿ, ನಟ್ಟನಡುವೆ ಇರಲಿ. ಧ್ವನಿಯ ಸಮತೋಲ ಅಲ್ಲಿ ಚೆನ್ನಾಗಿ ಸಿಗುತ್ತದೆ.

ದುಡ್ಡಿನ ಪ್ರಶ್ನೆ ಮಾತ್ರ ನ್ಯಾಯವಾದದ್ದು, ಅದಕ್ಕೆ ನಾನು ಸಿಟ್ಟಾಗುವುದಿಲ್ಲ. ನಾಲ್ಕು ಜನರ ಮನೆಗೆ ವಾರಾಂತ್ಯದ ಮಲ್ಟಿಪ್ಲೆಕ್ಸ್ ದೊಡ್ಡ ಹೊರೆ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ನೀಡಿತು. ಸದ್ಯಕ್ಕೆ ಉಳಿದ ದಾರಿ ಬೆಳಗಿನ ಶೋ, ವಾರದ ದಿನ, ಇಲ್ಲವೇ ಚೆನ್ನಾಗಿ ನೋಡಿಕೊಂಡಿರುವ ಸಿಂಗಲ್ ಸ್ಕ್ರೀನ್.

ಆದರೆ ಕಾಯುವುದರಿಂದ ಯಾರಿಗೂ ನಷ್ಟವಿಲ್ಲ ಎಂದುಕೊಳ್ಳಬೇಡಿ. ದೊಡ್ಡ ಸಿನಿಮಾ ನಿಮಗಾಗಿ ಕಾಯುತ್ತದೆ. 2025ರ ಅಕ್ಟೋಬರ್ 2ಕ್ಕೆ ಬಂದ ‘ಕಾಂತಾರ ಚಾಪ್ಟರ್ 1’ ಕನ್ನಡದಲ್ಲಿ ಅದೇ ತಿಂಗಳ 31ಕ್ಕೆ ಪ್ರೈಮ್‌ನಲ್ಲಿತ್ತು. ಸಣ್ಣ ಸಿನಿಮಾಕ್ಕೆ ಆ ಭಾಗ್ಯವಿಲ್ಲ. 2024ರಲ್ಲಿ ರಂಗಾಯಣ ರಘು ಅವರ ‘ಶಾಖಾಹಾರಿ’ ಬಂತು, ಮಲೆನಾಡಿನ ಒಂದು ಹೋಟೆಲು, ಒಂದು ಕೊಲೆ, ಅಷ್ಟರಲ್ಲೇ ಎರಡು ಗಂಟೆ ಹಿಡಿದಿಡುವ ನಟ. ಅದೇ ಸುಮಾರಿಗೆ ‘ಬ್ಲಿಂಕ್’ ಬಂತು, ಕಾಲಯಾನದ ಕಥೆಯನ್ನು ಇಷ್ಟು ಅಚ್ಚುಕಟ್ಟಾಗಿ ಹೆಣೆದ ಕನ್ನಡ ಸಿನಿಮಾ ಅಪರೂಪ. ಎರಡರ ಬಗ್ಗೆಯೂ ಓಟಿಟಿಗೆ ಬಂದ ಮೇಲೆ ‘ಅಯ್ಯೋ, ಥಿಯೇಟರ್‌ನಲ್ಲಿ ನೋಡ್ಬೇಕಿತ್ತು’ ಅಂದವರು ಎಷ್ಟು ಜನ! ಹಾಗೆ ಓಟಿಟಿಗೆ ಬರುತ್ತದೆ ಎಂಬ ಭರವಸೆಯೂ ಇಲ್ಲ. ರಕ್ಷಿತ್ ಶೆಟ್ಟಿ ಅವರ ಪರಂವಃ ಸ್ಟುಡಿಯೋಸ್‌ನ ‘ಏಕಂ’ ಕರಾವಳಿಯ ಏಳು ಕಥೆಗಳ ಸರಣಿ, ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅಂಥವರಿದ್ದರು. ಕೊಳ್ಳುವ ವೇದಿಕೆ ಸಿಗದೆ 2024ರ ಜುಲೈನಲ್ಲಿ ಅವರು ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯಿತು.

ಹೀಗಿರುವಾಗ ನನಗೆ ಬೇಕಿರುವ ಪ್ರಶ್ನೆ ಬೇರೆ: ‘ಈ ವಾರ ಯಾವ ಸಣ್ಣ ಸಿನಿಮಾದ ಶೋ ಇನ್ನೂ ಉಳಿದಿದೆ?’ ಶುಕ್ರವಾರದಿಂದ ಭಾನುವಾರದವರೆಗಿನ ಸೀಟು ನೋಡಿ ಸೋಮವಾರದಿಂದಲೇ ಶೋ ಕಡಿಮೆ ಮಾಡುತ್ತಾರೆ, ಮುಂದಿನ ಶುಕ್ರವಾರ ಹೊಸ ಸಿನಿಮಾ ಬಂದರೆ ಉಳಿದದ್ದೂ ಹೋಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಒಂದು, ರಾತ್ರಿ ಹತ್ತೂವರೆಗೆ ಒಂದು ಎಂದು ಯಾರೂ ಹೋಗಲಾಗದ ಹೊತ್ತಿಗೆ ತಳ್ಳಿದ್ದಾರೆ ಎಂದರೆ ಅದಕ್ಕೆ ಇನ್ನು ನಾಲ್ಕು ದಿನ ಆಯುಷ್ಯ. ಬುಕಿಂಗ್ ಆ್ಯಪ್ ತೆಗೆದು ನಿಮ್ಮೂರಿನ ಕನ್ನಡ ಸಿನಿಮಾಗಳಲ್ಲಿ ಎರಡೇ ಶೋ ಇರುವುದು ಯಾವುದು ಎಂದು ಮೊದಲು ನೋಡಿ. ಹತ್ತರ ಶೋ ಇದ್ದರೆ ಅದನ್ನೇ ಬುಕ್ ಮಾಡಿ, ಆಮೇಲೆ ಬಂದು ಸಿನಿಮಾ ಹೇಗಿತ್ತು ಹೇಳಿ.